ವುಝೂವಿನ ನೀರು ಕೆಂಪಾದರೆ

ಸಹೋದರಿಯರೇ, ವುಝೂ ಮಾಡುವಾಗ ಬಾಯಿ ಮುಕ್ಕಳಿಸಿ ಉಗುಳಿದ ನೀರನ್ನು ನೀವು ಎಂದಾದರೂ ನಿಂತು ನೋಡಿದ್ದೀರಾ? ಫಜ್ರ್‌ನ ಹೊತ್ತಿಗೆ ಬಚ್ಚಲಲ್ಲಿ ಬೆಳಕು ಕಡಿಮೆ, ನಮಾಝಿನ ಅವಸರ ಬೇರೆ. ಯಾರು ನೋಡುತ್ತಾರೆ? ಆದರೂ ಸುರೇಬಾನದಲ್ಲಿ ನನ್ನ ಬಳಿ ಮಸ್‌ಅಲಾ ಕೇಳಲು ಬರುವ ಹೆಂಗಸರ ಪ್ರಶ್ನೆಗಳಲ್ಲಿ ಈ ನೀರಿನ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಆಪಾ, ಬಾಯಿ ಮುಕ್ಕಳಿಸಿದ್ರ ರಗತ ಬರ್ತೈತ್ರಿ. ವುಝೂ ಮುರೀತೈತೋ ಇಲ್ಲೋ?"

ಮಸ್‌ಅಲಾ ಕಷ್ಟದ್ದೇನಲ್ಲ. ನಮ್ಮ ಭಾಗದಲ್ಲಿ ಹೆಚ್ಚಿನವರು ಹನಫಿ ಮದ್‌ಹಬ್‌ನವರು. ಉಗುಳಿನಲ್ಲಿ ರಕ್ತವೇ ಹೆಚ್ಚಾಗಿ ಅಥವಾ ಸರಿಸಮವಾಗಿ ಉಗುಳು ಕೆಂಪಾಗಿ ಕಂಡರೆ ವುಝೂ ಮುರಿಯುತ್ತದೆ. ಉಗುಳೇ ಹೆಚ್ಚಿದ್ದು, ಹಳದಿಯಂತಹ ಛಾಯೆ ಮಾತ್ರ ಕಂಡರೆ ಮುರಿಯುವುದಿಲ್ಲ. ಕರಾವಳಿಯ ಶಾಫಿಈ ಸಹೋದರಿಯರಿಗೆ ಇದರಿಂದ ವುಝೂ ಮುರಿಯದು. ಆದರೆ ರಕ್ತ ನಜಿಸ್ ಆದುದರಿಂದ ಅದನ್ನು ನುಂಗಬಾರದು, ಬಾಯಿ ತೊಳೆದುಕೊಳ್ಳಬೇಕು.

ಇಷ್ಟು ಹೇಳಿದರೆ ಫಿಕ್ಹ್‌ನ ಪಾಠ ಮುಗಿಯಿತು. ಕೇಳಿದವರು ದುಪಟ್ಟಾ ಸರಿಮಾಡಿಕೊಂಡು ಏಳುತ್ತಾರೆ. ನಾನು ಬಿಡುವುದಿಲ್ಲ. ವುಝೂ ಮುರಿಯುತ್ತದೆಯೋ ಇಲ್ಲವೋ ಎಂದು ಕೇಳಿದಿರಿ, ಸರಿ. ಗಾಯವಿಲ್ಲ, ಬಿದ್ದಿಲ್ಲ, ಪೆಟ್ಟಾಗಿಲ್ಲ, ಆದರೂ ದಿನಕ್ಕೆ ಐದು ಹೊತ್ತು ಈ ರಕ್ತ ಎಲ್ಲಿಂದ ಬರುತ್ತಿದೆ ಎಂದು ಯಾಕೆ ಕೇಳಲಿಲ್ಲ? ಕೈಬೆರಳಿನಿಂದ ದಿನಾ ಹೀಗೆ ರಕ್ತ ಬಂದಿದ್ದರೆ ಸುಮ್ಮನಿರುತ್ತಿದ್ದಿರಾ?

ಉತ್ತರ ಬಹುಮಟ್ಟಿಗೆ ಒಂದೇ. "ಎಲ್ಲಾರಿಗೂ ಬರ್ತೈತಲ್ರಿ." ಇಲ್ಲವೇ, "ಹಡದ ಮ್ಯಾಲ ಹಲ್ಲು ಹೋಗೂವ. ನಮ್ಮ ನಾನಿಗೂ ಹಿಂಗ ಆಗಿತ್ತ್ರಿ." ನಲ್ವತ್ತು ದಾಟುವುದರೊಳಗೆ ನಗುವಾಗ ದುಪಟ್ಟಾದ ಅಂಚನ್ನು ಬಾಯಿಗೆ ಅಡ್ಡ ಹಿಡಿಯುವ ಎಷ್ಟೋ ಹೆಂಗಸರನ್ನು ನೀವೂ ನೋಡಿರಬಹುದು. ಅದು ನಾಚಿಕೆಯಲ್ಲ. ಮುಂದಿನ ಹಲ್ಲುಗಳ ನಡುವೆ ಸಂದು ಬಿದ್ದಿದೆ, ಒಂದೆರಡು ಅಲುಗಾಡುತ್ತಿವೆ, ಬಾಯಿ ವಾಸನೆ ಬರುತ್ತದೆ ಎಂಬ ಅಳುಕು. ಮದುವೆ ಮನೆಯಲ್ಲಿ ಸಾಲಾಗಿ ಕೂತು ಊಟ ಮಾಡುವಾಗ ಇವರು ಮಾಂಸದ ತುಂಡನ್ನು ಪಕ್ಕಕ್ಕೆ ಸರಿಸಿ ರಸ ಅನ್ನ ಮಾತ್ರ ತಿನ್ನುತ್ತಾರೆ. ವಯಸ್ಸಿನ ಗುಣ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಇದು ವಯಸ್ಸಿನ ಗುಣವಲ್ಲ, ಒಂದು ಕಾಯಿಲೆ. ಅದು ನಡೆಯುವ ರೀತಿ ಗೊತ್ತಾದರೆ ಸುಮ್ಮನೆ ಕೂರಲು ನಿಮಗೂ ಮನಸ್ಸಾಗದು.

ನಾನು ಮದ್ರಸಾದಲ್ಲಿ ಕಲಿತು ಆಮೇಲೆ ಬಿ.ಎ. ಮಾಡಿದವಳು, ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಇದನ್ನು ನನಗೆ ಬಿಡಿಸಿ ಹೇಳಿದವಳು ದಂತವೈದ್ಯೆಯಾಗಿರುವ ನನ್ನ ತಂಗಿಯ ಮಗಳು. ಅವಳು ಹೇಳಿದ್ದನ್ನು ಮತ್ತೆ ಪುಸ್ತಕಗಳಲ್ಲಿ ಹುಡುಕಿ ಓದಿಕೊಂಡೆ. ಅರ್ಥವಾದದ್ದು ಮಾತ್ರ ಅಡುಗೆಮನೆಯಲ್ಲಿ.

ಬಕ್ರೀದ್‌ನ ಗಟ್ಟಿ ಮಾಂಸ ಕಬಾಬ್‌ಗೆ ಮೆತ್ತಗಾಗಬೇಕೆಂದರೆ ನೀವೇನು ಮಾಡುತ್ತೀರಿ? ಹಸಿ ಪಪ್ಪಾಯಿ ಕಾಯಿಯನ್ನು ಸಿಪ್ಪೆ ಸಮೇತ ಅರೆದು ಸವರಿ ಇಡುತ್ತೀರಿ. ಒಂದೆರಡು ತಾಸಿನಲ್ಲಿ ಬೆಂಕಿಯ ಸೋಂಕಿಲ್ಲದೆಯೇ ಮಾಂಸ ಸಡಿಲವಾಗುತ್ತದೆ. ಮರೆತು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಮುದ್ದೆಯಾಗಿ ಕೈಗೇ ಅಂಟುತ್ತದೆ, ಕಡ್ಡಿಗೆ ನಿಲ್ಲುವುದಿಲ್ಲ. ಪಪ್ಪಾಯಿಯ ಹಾಲಿನಲ್ಲಿ ಪಪೇನ್ ಎಂಬ ಒಂದು ಕಿಣ್ವವಿದೆ. ಮಾಂಸ ಎಂದರೆ ಬಹುಪಾಲು ಪ್ರೋಟೀನ್, ಉದ್ದುದ್ದ ದಾರದ ಹಾಗೆ. ಆ ದಾರಗಳನ್ನು ಕತ್ತರಿಸುವ ಕತ್ತರಿಯೇ ಪಪೇನ್. ನಮ್ಮ ಹೊಟ್ಟೆಯಲ್ಲೂ ತಿಂದ ಮಾಂಸ, ಬೇಳೆಯನ್ನು ಕರಗಿಸಲು ಇಂತಹ ಕತ್ತರಿಗಳನ್ನು ಅಲ್ಲಾಹನು ಇಟ್ಟಿದ್ದಾನೆ. ಅವು ತಮ್ಮ ಜಾಗದಲ್ಲಿದ್ದರೆ ರಹ್ಮತ್.

ಈಗ ಇದೇ ಬಗೆಯ ಕತ್ತರಿ ಹಿಡಿದ ಒಂದು ಕ್ರಿಮಿ ನಿಮ್ಮ ಒಸಡಿನೊಳಗೆ ಕೂತಿದೆ ಎಂದು ಭಾವಿಸಿ.

ಹಲ್ಲಿಗೂ ಒಸಡಿಗೂ ನಡುವೆ ಸಣ್ಣದೊಂದು ಸಂದಿ ಎಲ್ಲರಿಗೂ ಇದೆ. ಸರಿಯಾಗಿ ಉಜ್ಜದಿದ್ದರೆ ಅಲ್ಲಿ ಬಿಳಿ ಅಂಟು ಕೂರುತ್ತದೆ. ಆ ಅಂಟು ಊಟದ ಚೂರಲ್ಲ, ಜೀವಾಣುಗಳ ಬಸ್ತಿ. ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನ ಬಟ್ಟೆ ವ್ಯಾಪಾರಿ ಲೀವೆನ್‌ಹಾಕ್ 1683ರಲ್ಲಿ ತನ್ನ ಹಲ್ಲಿನಿಂದ ಈ ಅಂಟನ್ನು ಕೆರೆದು, ತಾನೇ ಮಾಡಿಕೊಂಡ ಮಸೂರದಲ್ಲಿ ನೋಡಿ, ಅದರಲ್ಲಿ ಓಡಾಡುವ ಜೀವಿಗಳನ್ನು ಕಂಡು ಬೆರಗಾಗಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದಿದ್ದ. ದಿನಗಳು ಕಳೆದಂತೆ ಈ ಅಂಟು ಉಗುಳಿನ ಸುಣ್ಣದಂಶ ಸೇರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದೇ ಕಿಟ್ಟ. ಕಿಟ್ಟ ಕಟ್ಟಿದ ಕಡೆ ಒಸಡು ಹಲ್ಲನ್ನು ಬಿಟ್ಟು ದೂರ ಸರಿದು ಜೇಬಿನಂತಹ ಗುಳಿಯಾಗುತ್ತದೆ. ಗಾಳಿಯಾಡದ ಆ ಗುಳಿಯೇ ಕೆಲವು ಕ್ರಿಮಿಗಳಿಗೆ ಇಷ್ಟವಾದ ಮನೆ. ಅವುಗಳಲ್ಲಿ ಮುಖ್ಯವಾದುದರ ಹೆಸರು ಪೋರ್ಫಿರೋಮೋನಾಸ್ ಜಿಂಜಿವಾಲಿಸ್. ಹೆಸರು ಬಾಯಲ್ಲಿ ನಿಲ್ಲದಿದ್ದರೂ ಪರವಾಗಿಲ್ಲ. ಸಂಖ್ಯೆಯಲ್ಲಿ ಅದು ಹೆಚ್ಚಿರಬೇಕೆಂದೇನೂ ಇಲ್ಲ. ಒಂದು ಓಣಿ ಕೆಡಲು ಒಬ್ಬ ಕೇಡಿಗ ಸಾಕಲ್ಲವೇ?

ಈ ಕ್ರಿಮಿಯ ಕತ್ತರಿಗೆ ಜಿಂಜಿಪೇನ್ ಎಂದು ಹೆಸರು. ಪೋಲೆಂಡಿನ ಯಾನ್ ಪೊಟೆಂಪಾ, ಅಮೆರಿಕಾದ ಜಾರ್ಜಿಯಾ ವಿಶ್ವವಿದ್ಯಾನಿಲಯದ ಜೇಮ್ಸ್ ಟ್ರಾವಿಸ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಇದನ್ನು ಬೇರ್ಪಡಿಸಿ ಅದರ ಕೆಲಸವನ್ನು ತೋರಿಸಿಕೊಟ್ಟರು. ಹೆಸರಿನ ಕೊನೆಯಲ್ಲಿರುವ 'ಪೇನ್' ನೋಡಿ ಇಂಗ್ಲಿಷ್ ಬಲ್ಲವರು ನೋವು ಎಂದುಕೊಳ್ಳಬೇಡಿ. ಅದು ನಮ್ಮ ಪಪ್ಪಾಯಿಯ ಪಪೇನ್‌ನಿಂದ ಬಂದ ಬಾಲ. ಎರಡೂ ಒಂದೇ ಬಗೆಯ ಅಲಗುಳ್ಳ ಕತ್ತರಿಗಳು. ನಿಜ ಹೇಳಬೇಕೆಂದರೆ ಈ ಕಾಯಿಲೆಯ ಅಪಾಯವಿರುವುದೇ ಇಲ್ಲಿ: ಹೆಸರಲ್ಲಿ ಪೇನ್ ಇದೆ, ಬಾಯಲ್ಲಿ ನೋವಿಲ್ಲ. ಹುಳುಕು ಹಲ್ಲು ರಾತ್ರಿ ನಿದ್ದೆಗೆಡಿಸಿ ಡಾಕ್ಟರ ಬಾಗಿಲಿಗೆ ಎಳೆದೊಯ್ಯುತ್ತದೆ. ಒಸಡಿನ ಕಾಯಿಲೆ ಹತ್ತು ವರ್ಷ ಸದ್ದಿಲ್ಲದೆ ಕೆಲಸ ಮಾಡಿ, ಕೊನೆಗೆ ಒಂದು ದಿನ ರೊಟ್ಟಿ ಕಚ್ಚುವಾಗ ಹಲ್ಲನ್ನೇ ಕೈಗೆ ಕೊಡುತ್ತದೆ.

ಈ ಕತ್ತರಿ ಏನನ್ನೆಲ್ಲ ಕತ್ತರಿಸುತ್ತದೆ? ಹಲ್ಲು ದವಡೆಯ ಮೂಳೆಗೆ ಗೂಟ ಹೊಡೆದಂತೆ ನಿಂತಿಲ್ಲ. ನಡುವೆ ಕೊಲಾಜನ್ ಎಂಬ ಪ್ರೋಟೀನಿನ ಸಾವಿರಾರು ಎಳೆಗಳಿವೆ, ಹಗ್ಗದ ಮಂಚದ ಹುರಿಗಳಂತೆ. ಕಟಕ್ ರೊಟ್ಟಿ ಕಡಿದಾಗಲೂ ಹಲ್ಲಿಗೆ ಪೆಟ್ಟಾಗದಿರುವುದು ಆ ಹುರಿಗಳಿಂದ. ಜಿಂಜಿಪೇನ್ ಈ ಹುರಿಗಳನ್ನು ಸವೆಸಲು ನೆರವಾಗುತ್ತದೆ. ಅಷ್ಟೇ ಅಲ್ಲ. ರೋಗವನ್ನು ಎದುರಿಸಲು ನಮ್ಮ ರಕ್ತದಲ್ಲಿ ಕಾವಲುಗಾರರಂತೆ ತಿರುಗುವ ಪ್ರೋಟೀನುಗಳಿವೆ. ಈ ಕ್ರಿಮಿ ಅವುಗಳನ್ನೂ ಕತ್ತರಿಸಿ ಹಾಕುತ್ತದೆ. ಕಳ್ಳ ಮನೆಗೆ ನುಗ್ಗುವ ಮೊದಲು ನಾಯಿಯ ಬಾಯಿ ಕಟ್ಟಿದ ಹಾಗೆ. ಗಾಬರಿಯಾದ ದೇಹ ಇನ್ನಷ್ಟು ಬಿಳಿ ರಕ್ತಕಣಗಳನ್ನು ಅಲ್ಲಿಗೆ ಕಳಿಸುತ್ತದೆ, ಅವೂ ತಮ್ಮ ಕತ್ತರಿಗಳನ್ನು ಹೊರತೆಗೆಯುತ್ತವೆ, ಹೋರಾಟದಲ್ಲಿ ನಮ್ಮದೇ ಒಸಡು ಮೂಳೆಗಳು ಕರಗುತ್ತವೆ. ನಾಶದ ದೊಡ್ಡ ಭಾಗ ಹೀಗೆ ನಮ್ಮ ಕೈಯಿಂದಲೇ ಆಗುವುದು ಎಂದು ವೈದ್ಯರು ಹೇಳುತ್ತಾರೆ.

ಇನ್ನು ರಕ್ತದ ವಿಷಯ. ಬೆರಳು ಕೊಯ್ದುಕೊಂಡರೆ ಸ್ವಲ್ಪ ಹೊತ್ತಿನಲ್ಲಿ ರಕ್ತ ಹೆಪ್ಪುಗಟ್ಟಿ ನಿಲ್ಲುತ್ತದೆ, ಅದಕ್ಕೂ ಒಂದು ಪ್ರೋಟೀನ್ ಬೇಕು. ಜಿಂಜಿಪೇನ್ ಅದನ್ನು ಕತ್ತರಿಸುತ್ತದೆ. ಹೀಗಾಗಿ ಒಸಡು ಮುಟ್ಟಿದರೆ ಸಾಕು, ರಕ್ತ. ಇದರಿಂದ ಕ್ರಿಮಿಗೇನು ಲಾಭ? ಅದು ಬದುಕಲು ಕಬ್ಬಿಣದ ಅಂಶ ಬೇಕು, ಕಬ್ಬಿಣ ಇರುವುದು ರಕ್ತದ ಹಿಮೊಗ್ಲೋಬಿನ್‌ನಲ್ಲಿ. ಅದನ್ನೂ ಅದೇ ಕತ್ತರಿಯಿಂದ ಒಡೆದು ಕಬ್ಬಿಣವಿರುವ ಅಂಶವನ್ನು ಹೀರಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ರಕ್ತ ಹಾಕಿದ ತಟ್ಟೆಯ ಮೇಲೆ ಈ ಕ್ರಿಮಿಯನ್ನು ಬೆಳೆಸಿದರೆ ಹೀರಿದ ರಕ್ತದಿಂದಲೇ ಅದರ ಗುಂಪುಗಳು ಕಪ್ಪಗಾಗುತ್ತವಂತೆ. ಅಂದರೆ ಸಹೋದರಿ, ನಿಮ್ಮ ವುಝೂ ಕೆಡಿಸುವ ಆ ರಕ್ತ ಅದಕ್ಕೆ ಊಟ. ನೀವು ವುಝೂ ಮತ್ತೆ ಮಾಡಿಕೊಂಡು ನಮಾಝಿಗೆ ನಿಲ್ಲುತ್ತೀರಿ, ಅದು ಉಂಡು ಮತ್ತೆ ಕೆಲಸಕ್ಕೆ ಕೂರುತ್ತದೆ.

ಕತ್ತರಿ ಹಿಡಿದ ಕ್ರಿಮಿ ಇದೊಂದೇ ಅಲ್ಲ. ಬಸುರಿಯಾದಾಗ ನೀವೆಲ್ಲ ಧನುರ್ವಾಯುವಿನ ಚುಚ್ಚುಮದ್ದು ತೆಗೆದುಕೊಂಡಿದ್ದೀರಲ್ಲ? ಆ ಧನುರ್ವಾಯುವಿನ ವಿಷವೂ ಒಂದು ಕತ್ತರಿಯೇ. ನರದೊಳಗೆ ಹೊಕ್ಕು ಒಂದೇ ಒಂದು ಪ್ರೋಟೀನನ್ನು ಕತ್ತರಿಸುತ್ತದೆ, ಮೈಯೆಲ್ಲ ಬಿಲ್ಲಿನಂತೆ ಸೆಟೆಯಲು ಅಷ್ಟು ಸಾಕು. ಇಟಲಿಯ ಪಾದುವಾದ ಸಂಶೋಧಕರು 1992ರಲ್ಲಿ ಇದನ್ನು ಕಂಡುಹಿಡಿದರು. ಮಿದುಳು ಜ್ವರ ತರುವ ಕೆಲವು ಕ್ರಿಮಿಗಳು ಮೂಗು ಗಂಟಲಿನ ತೇವದಲ್ಲಿ ಕಾವಲಿರುವ ಪ್ರೋಟೀನನ್ನು ಕತ್ತರಿಸಿ ದಾರಿ ಮಾಡಿಕೊಳ್ಳುತ್ತವೆ. ಧನುರ್ವಾಯುವಿಗೆ ಚುಚ್ಚುಮದ್ದು ಇದೆ. ಒಸಡಿನ ಕಾಯಿಲೆಗೆ ಚುಚ್ಚುಮದ್ದು ಇಲ್ಲ. ಅಲ್ಲಿ ನಮ್ಮ ಕೈಯೇ ಕೆಲಸ ಮಾಡಬೇಕು.

ನಮ್ಮ ಸಂಜೆಯ ಕುರ್‌ಆನ್ ತರಗತಿಗೆ ಬರುತ್ತಿದ್ದ ಒಬ್ಬ ಸಹೋದರಿಯ ವಿಷಯ ಹೇಳುತ್ತೇನೆ. ವಯಸ್ಸು ಮೂವತ್ತಾರು, ಮೂರು ಮಕ್ಕಳು. ಪ್ರತಿ ನಮಾಝಿಗೂ ಎರಡು ಸಲ, ಮೂರು ಸಲ ವುಝೂ. ಅಸರ್‌ಗೆ ಕೂತರೆ ಮಗ್ರಿಬ್ ಹತ್ತಿರ ಬರುತ್ತಿತ್ತು. ವಸ್‌ವಾಸ್ ಅಂದರೆ ಸಂಶಯದ ಕಾಟ ಅಂಟಿಕೊಂಡಿತ್ತು. ಕುರ್‌ಆನ್ ಓದುವಾಗ ನಡುವೆ ನಿಲ್ಲಿಸಿ ಕರವಸ್ತ್ರಕ್ಕೆ ಉಗುಳಿ ಬಣ್ಣ ನೋಡುತ್ತಿದ್ದಳು. "ನನ್ನ ಇಬಾದತ್ ಕಬೂಲ್ ಆಗಾಕತ್ತಿಲ್ಲೇನ್ರಿ ಆಪಾ?" ಎಂದು ಅತ್ತದ್ದೂ ಉಂಟು. ನಾನು ಫಿಕ್ಹ್‌ನ ಮಾತು ಹೇಳಿ ಸಮಾಧಾನ ಮಾಡಿ, ದಂತವೈದ್ಯರಲ್ಲಿಗೆ ಹೋಗು ಎಂದೆ. ಮನೆಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹಲ್ಲು ನೋವಿಲ್ಲದವಳನ್ನು ಹಲ್ಲಿನ ಡಾಕ್ಟರಿಗೆ ತೋರಿಸುವುದೆಂದರೇನು? ಕೊನೆಗೆ ಅವಳ ಅತ್ತೆಯನ್ನು ಕರೆದು ಈ ಪಪ್ಪಾಯಿಯ ಕಥೆಯನ್ನೇ ಹೇಳಿದೆ. ಕಬಾಬ್ ಮಾಡುವುದರಲ್ಲಿ ಆ ಹಿರಿಯರದು ನಮ್ಮ ಓಣಿಯಲ್ಲೇ ಎತ್ತಿದ ಕೈ. ಒಂದು ಕ್ಷಣ ಸುಮ್ಮನಿದ್ದು, "ಹಂಗಂದ್ರ ಆಕೀ ಬಾಯಾಗ ಮಾಂಸ ಕರಗಾಕತ್ತೈತಿ ಅನ್ರಿ" ಎಂದರು. ಮರುದಿನವೇ ಸೊಸೆಯನ್ನು ಕರೆದುಕೊಂಡು ರಾಮದುರ್ಗದ ಬಸ್ ಹತ್ತಿದರು.

ಅಲ್ಲಿನ ವೈದ್ಯೆ ಬಾಯಿ ನೋಡಿದವರೇ ಮೊದಲು ಕೇಳಿದ್ದು ಹಲ್ಲಿನ ಪ್ರಶ್ನೆಯನ್ನಲ್ಲ. ರಾತ್ರಿ ಎಷ್ಟು ಸಲ ಏಳುತ್ತೀಯಮ್ಮಾ, ಬಾಯಾರಿಕೆ ಹೆಚ್ಚೇ ಎಂದು. ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ 280ರ ಮೇಲಿತ್ತು. ಮೂವತ್ತಾರರ ಹೆಂಗಸಿಗೆ ಸಕ್ಕರೆ ಕಾಯಿಲೆ ಇದೆ ಎಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ, ತಿಳಿಸಿದ್ದು ಒಸಡು.

ಇದು ಅಪರೂಪವೇನಲ್ಲ. ಸಕ್ಕರೆ ಕಾಯಿಲೆಗೂ ಒಸಡಿನ ಕಾಯಿಲೆಗೂ ಗೆಳೆತನ ಹಳೆಯದು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಒಸಡು ಬೇಗ ಕೆಡುತ್ತದೆ, ಒಸಡು ಕೆಟ್ಟಿದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಇಂತಹವರ ಒಸಡಿಗೆ ಸರಿಯಾಗಿ ಚಿಕಿತ್ಸೆ ಮಾಡಿದರೆ ಮೂರು-ನಾಲ್ಕು ತಿಂಗಳಲ್ಲಿ ಅವರ 'ಮೂರು ತಿಂಗಳ ಸಕ್ಕರೆ' ಪರೀಕ್ಷೆಯ ಅಂಕಿ ಸುಮಾರು 0.4ರಷ್ಟು ಇಳಿಯುತ್ತದೆ. ಕೇಳಲು ಸಣ್ಣದು. ಆದರೆ ದಿನಾ ಮಾತ್ರೆ ನುಂಗುವವರಿಗೆ ಅದರ ಬೆಲೆ ಗೊತ್ತು.

ಬಸಿರಿನ ಮಾತಿಗೆ ಬರೋಣ. ಮಗು ತಾಯಿಯ ಹಲ್ಲಿನ ಸುಣ್ಣ ಎಳೆದುಕೊಳ್ಳುತ್ತದೆ ಎಂಬ ಮಾತು ಸರಿಯಲ್ಲ. ಬಸಿರಿನಲ್ಲಿ ಹಾರ್ಮೋನುಗಳ ಏರುಪೇರಿನಿಂದ ಒಸಡು ಸ್ವಲ್ಪ ಅಂಟಿಗೂ ಹೆಚ್ಚು ಊದಿಕೊಳ್ಳುತ್ತದೆ, ಬೇಗ ರಕ್ತ ಬರುತ್ತದೆ. ವಾಂತಿಯ ದಿನಗಳಲ್ಲಿ ಬ್ರಷ್ ಬಾಯಿಗಿಟ್ಟರೆ ಓಕರಿಕೆ ಎಂದು ಉಜ್ಜುವುದನ್ನೇ ಬಿಟ್ಟಿರುತ್ತಾರೆ. ಹೆರಿಗೆಯಾದ ಮೇಲೆ ಬಾಣಂತಿಗೆ ತಣ್ಣೀರು ಮುಟ್ಟಿಸಬಾರದು ಎಂದು ಕೆಲವು ಮನೆಗಳಲ್ಲಿ ಹಲ್ಲುಜ್ಜಲೂ ಬಿಡುವುದಿಲ್ಲ. ಆದರೆ ಅಂಟಿನ ಉಂಡಿ ಮಾತ್ರ ಹೊತ್ತು ಹೊತ್ತಿಗೆ ಬರುತ್ತಿರುತ್ತದೆ! ಹೀಗೆ ಮೂರ್ನಾಲ್ಕು ಬಾಣಂತನ ಕಳೆದರೆ ಹಲ್ಲು ಹೋಗದೆ ಇನ್ನೇನಾದೀತು? ಹಿರಿಯರೇ, ಉಂಡಿ ಕೊಡಿ, ಜೊತೆಗೆ ಒಂದು ಚೊಂಬು ಬಿಸಿನೀರು, ಮೆತ್ತನೆಯ ಬ್ರಷ್ಷೂ ಕೊಡಿ.

ನಮ್ಮ ಕಡೆಯ ಇನ್ನೊಂದು ಶತ್ರುವನ್ನು ಹೆಸರು ಹಿಡಿದು ಹೇಳಲೇಬೇಕು: ಮಿಶ್ರಿ. ತಂಬಾಕನ್ನು ಹುರಿದು ಕರಕು ಮಾಡಿ ಅರೆದ ಕಪ್ಪು ಪುಡಿ. ತಂಬಾಕಿಗೆ ಹೆಸರಾದ ನಿಪ್ಪಾಣಿ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇದೆ, ಹಾಗಾಗಿ ಪುಡಿಗೆ ಬರವಿಲ್ಲ. ಹಲ್ಲು ಗಟ್ಟಿಯಾಗಲಿ ಎಂದು ಹಚ್ಚಲು ಆರಂಭಿಸಿದವರು ಆಮೇಲೆ ಅದಿಲ್ಲದೆ ಬೆಳಿಗ್ಗೆ ಒಲೆ ಹಚ್ಚಲಾರರು. ಒಸಡು ಜುಮ್ಮೆಂದು ಮರಗಟ್ಟಿದಾಗ ಹಿತವೆನಿಸುತ್ತದೆ, ಅದು ಗುಣವಾಗುವುದಲ್ಲ. ಮಿಶ್ರಿ ಹಚ್ಚಿದ ಜಾಗದಲ್ಲಿ ಒಸಡು ಕೆಳಗಿಳಿದು ಬೇರು ಕಾಣುತ್ತದೆ, ಬಾಯಿಯ ಕ್ಯಾನ್ಸರಿನ ದಾರಿಯೂ ಅದೇ. ಬೀಡಿ ಸಿಗರೇಟು ಸೇದುವ ಗಂಡಸರಲ್ಲಿ ಬೇರೊಂದು ಮೋಸವಿದೆ. ಹೊಗೆ ರಕ್ತನಾಳಗಳನ್ನು ಕುಗ್ಗಿಸುವುದರಿಂದ ರಕ್ತ ಅಷ್ಟಾಗಿ ಬರುವುದಿಲ್ಲ, ಒಸಡು ಚೆನ್ನಾಗಿದೆ ಎಂದುಕೊಳ್ಳುತ್ತಾರೆ, ಒಳಗೆ ಮೂಳೆ ಕರಗುತ್ತಲೇ ಇರುತ್ತದೆ.

ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಎರಡು ದಿನದ ಮಾತ್ರೆಯ ಕಥೆಯೂ ಇಷ್ಟೇ. ಊತ ಇಳಿಯುತ್ತದೆ, ತಿಂಗಳಲ್ಲಿ ಮರಳಿ ಬರುತ್ತದೆ. ಕಲ್ಲಿನಂತಹ ಕಿಟ್ಟದ ಸಂದಿಯಲ್ಲಿ ಅಂಟಿನ ಹೊದಿಕೆಯೊಳಗೆ ಕೂತ ಕ್ರಿಮಿಗೆ ಮಾತ್ರೆ ಸರಿಯಾಗಿ ತಲುಪುವುದೇ ಇಲ್ಲ. ಉಪ್ಪುನೀರು ಮುಕ್ಕಳಿಸಿದರೆ ಒಸಡಿಗೆ ಹಿತ, ಮಾಡಿ. ಆದರೆ ಅದರಿಂದ ಕಿಟ್ಟ ಕರಗದು.

ಹಾಗಾದರೆ ಮಿಸ್ವಾಕ್? ನೀವು ಕೇಳುವಿರೆಂದು ಗೊತ್ತು. ನನ್ನ ಸಮುದಾಯಕ್ಕೆ ಕಷ್ಟವಾಗದಿರುತ್ತಿದ್ದರೆ ಪ್ರತಿ ನಮಾಝಿಗೂ ಮಿಸ್ವಾಕ್ ಮಾಡಲು ಆಜ್ಞಾಪಿಸುತ್ತಿದ್ದೆ ಎಂಬರ್ಥದ ಪ್ರವಾದಿವರ್ಯರ(ಸ) ಮಾತು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಪ್ರವಾದಿವರ್ಯರ(ಸ) ಕೊನೆಯ ಗಳಿಗೆಯನ್ನು ನೆನಪಿಸಿಕೊಳ್ಳಿ. ಹಝ್ರತ್ ಆಯಿಶಾ(ರ)ರ ಸಹೋದರ ಅಬ್ದುರ್ರಹ್ಮಾನ್(ರ) ಮಿಸ್ವಾಕ್ ಹಿಡಿದು ಒಳಗೆ ಬಂದಾಗ ಪ್ರವಾದಿವರ್ಯರ(ಸ) ದೃಷ್ಟಿ ಅದರ ಮೇಲೆ ನೆಟ್ಟಿತ್ತು. ಆಯಿಶಾ(ರ) ಅದನ್ನು ತಮ್ಮ ಹಲ್ಲಿನಿಂದ ಮೆತ್ತಗೆ ಮಾಡಿ ಕೊಟ್ಟರು. ಸಾವಿನ ನೋವಿನಲ್ಲೂ ಬಿಡದ ಸುನ್ನತ್ ಅದು. ನಾವು ಹಜ್‌ನಿಂದ ಬಂದವರು ಕೊಟ್ಟ ಮಿಸ್ವಾಕನ್ನು ಶೋಕೇಸಿನಲ್ಲಿ ಝಮ್‌ಝಮ್ ಬಾಟಲಿಯ ಪಕ್ಕ ಒಣಗಿಸುತ್ತೇವೆ.

ಪೀಲು ಮರದ, ಅರಬಿಯಲ್ಲಿ ಅರಾಕ್ ಎನ್ನುವ ಈ ಬೇರನ್ನು ವಿಜ್ಞಾನಿಗಳೂ ಬಿಟ್ಟಿಲ್ಲ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು 2008 ಮತ್ತು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮಿಸ್ವಾಕ್‌ನಲ್ಲಿರುವ ಘಾಟಿನ ಅಂಶವೊಂದು ನಾವು ಮೇಲೆ ಕಂಡ ಅದೇ ಕ್ರಿಮಿಯನ್ನು ಕೊಲ್ಲಬಲ್ಲದು ಎಂದು ಕಂಡುಬಂತು. ಸಾಸಿವೆಗೆ ಘಾಟು ಕೊಡುವುದೂ ಅದರ ಹತ್ತಿರದ ಸಂಬಂಧಿಯೇ. ಕಡ್ಡಿ ತಾಜಾ ಇದ್ದಷ್ಟೂ ಘಾಟು ಹೆಚ್ಚು. ಒಣಗಿದ್ದನ್ನು ನೆನೆಸಿ, ತುದಿ ಕತ್ತರಿಸಿ ಹೊಸ ಎಳೆ ಬಿಡಿಸಿಕೊಳ್ಳಿ.

ಆದರೆ ಒಂದು ಮಾತನ್ನು ನಾನು ನೇರವಾಗಿಯೇ ಹೇಳುತ್ತೇನೆ, ಕೆಲವರಿಗೆ ಹಿಡಿಸದಿರಬಹುದು. ಪ್ರಯೋಗಾಲಯದ ತಟ್ಟೆಯಲ್ಲಿ ಆದದ್ದೆಲ್ಲ ಬಾಯಲ್ಲಿ ಹಾಗೆಯೇ ಆಗುತ್ತದೆಂದಲ್ಲ. ಮಿಸ್ವಾಕ್ ಇದ್ದರೆ ಡಾಕ್ಟರೇ ಬೇಡ ಎಂದು ಬಯಾನ್‌ಗಳಲ್ಲಿ ಹೇಳುವವರು ಸುನ್ನತ್‌ನ ಗೌರವ ಹೆಚ್ಚಿಸುತ್ತಿಲ್ಲ. ಮಿಸ್ವಾಕ್ ಅಂಟನ್ನು ತೆಗೆಯುತ್ತದೆ, ಕಲ್ಲಾದ ಕಿಟ್ಟವನ್ನು ತೆಗೆಯದು. ಹಲ್ಲಿನ ಹೊರಮೈ ಚೊಕ್ಕಟವಾಗುತ್ತದೆ, ಹಿಂಬದಿಗೂ ಸಂದಿಗೂ ಅದು ಸರಿಯಾಗಿ ತಲುಪುವುದಿಲ್ಲ. ಗಟ್ಟಿ ಕಡ್ಡಿಯಿಂದ ಅಡ್ಡಡ್ಡ ತಿಕ್ಕಿ ಒಸಡು ಸವೆಸಿಕೊಂಡವರೂ ಇದ್ದಾರೆ. ಬೇವಿನ ಕಡ್ಡಿಗೂ ಇದೇ ಮಾತು. ರಾತ್ರಿ ಮಲಗುವ ಮುನ್ನ, ಬೆಳಿಗ್ಗೆ ಎದ್ದಾಗ ಮೆತ್ತನೆಯ ಬ್ರಷ್ಷಿನಿಂದ ಎರಡು ನಿಮಿಷ. ನಮಾಝಿನ ಹೊತ್ತಿಗೆ ಮಿಸ್ವಾಕ್. ಊಟದ ನಂತರ ಹಲ್ಲಿನ ಸಂದಿ ಬಿಡಿಸುವ ಖಿಲಾಲ್ ನಮ್ಮ ಹಿರಿಯರು ಕಲಿಸಿಕೊಟ್ಟದ್ದೇ, ಈಗ ಅದಕ್ಕೆಂದೇ ನೂಲು, ಸಣ್ಣ ಬ್ರಷ್ಷುಗಳು ಸಿಗುತ್ತವೆ. ರಕ್ತ ಬರುತ್ತದೆಂದು ಉಜ್ಜುವುದನ್ನು ನಿಲ್ಲಿಸಬೇಡಿ. ಬರೇ ಊದಿದ ಒಸಡಾಗಿದ್ದರೆ ಅಂಟು ಹೋದ ಕೆಲವೇ ದಿನಗಳಲ್ಲಿ ರಕ್ತ ನಿಲ್ಲುತ್ತದೆ, ಒಸಡು ಮೊದಲಿನಂತಾಗುತ್ತದೆ. ಮೂಳೆ ಕರಗಿದ ಮೇಲೆ ಮಾತ್ರ ಅದು ಮರಳಿ ಬೆಳೆಯುವುದು ಕಷ್ಟ. ಎಲ್ಲ ರಕ್ತವೂ ಕಿಟ್ಟದಿಂದಲೇ ಬರುತ್ತದೆಂದೂ ಅಲ್ಲ. ಮುಟ್ಟದೆಯೇ ರಕ್ತ ಸೋರುವುದು, ಮೈಮೇಲೆ ನೀಲಿ ಕಲೆಗಳು ಏಳುವುದು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುತ್ತವೆ ಎಂಬ ಹೆದರಿಕೆ ಊರೂರಲ್ಲೂ ಇದೆ. ನಿಜವೇನೆಂದರೆ, ಕರಗಿಹೋದ ಒಸಡಿನ ಜಾಗವನ್ನು ಕಿಟ್ಟ ತುಂಬಿಕೊಂಡಿರುತ್ತದೆ. ಅದನ್ನು ತೆಗೆದಾಗ ಸಂದು ಕಾಣುತ್ತದೆ, ಕೆಲವು ದಿನ ತಣ್ಣೀರು ಜುಮ್ಮೆನ್ನುತ್ತದೆ. ಹಲ್ಲನ್ನು ಸಡಿಲ ಮಾಡಿದ್ದು ಕಿಟ್ಟ, ಅದನ್ನು ತೆಗೆದ ಕೈಯಲ್ಲ. ಇದು ಇಂಗ್ಲಿಷರ ಹೊಸ ವಿದ್ಯೆ ಎಂದುಕೊಳ್ಳುವವರಿಗೊಂದು ಮಾತು. ಅಂದಲೂಸಿನ ಕುರ್ತುಬಾದ ಬಳಿ ಬಾಳಿದ, ಸುಮಾರು 1013ರಲ್ಲಿ ತೀರಿಕೊಂಡ ಮಹಾ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿ ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ಹಲ್ಲಿನ ಕಿಟ್ಟದ ಬಗ್ಗೆ ಬರೆದು, ಅದನ್ನು ಕೆರೆಯುವ ಹಲವು ಬಗೆಯ ಸಲಕರಣೆಗಳ ಚಿತ್ರಗಳನ್ನೇ ಕೊಟ್ಟಿದ್ದಾರೆ. ಒಂದು ದಿನಕ್ಕೆ ಮುಗಿಯದಿದ್ದರೆ ಮರುದಿನ, ಅದರ ಮರುದಿನ ಮತ್ತೆ ಕೆರೆಯಬೇಕು, ಏನೂ ಉಳಿಯಬಾರದು ಎನ್ನುತ್ತಾರೆ ಅವರು. ಸಾವಿರ ವರ್ಷದ ಹಿಂದೆ ನಮ್ಮವರು ಬರೆದಿಟ್ಟದ್ದಕ್ಕೆ ಇಂದು ನಾವೇ ಹೆದರುತ್ತಿದ್ದೇವೆ.

ಒಸಡು ಕೆಟ್ಟರೆ ಮರೆವಿನ ಕಾಯಿಲೆ ಬರುತ್ತದೆ ಎಂದು ಮೊಬೈಲಿನಲ್ಲಿ ಓದಿ ಗಾಬರಿಯಾದವರಿಗೆ ಒಂದು ಮಾತು. 2019ರಲ್ಲಿ ಕೆಲವು ಸಂಶೋಧಕರು ಅಲ್ಝೈಮರ್ ರೋಗದಿಂದ ತೀರಿಕೊಂಡವರ ಮಿದುಳಿನಲ್ಲಿ ಈ ಜಿಂಜಿಪೇನ್ ಸಿಕ್ಕಿತು ಎಂದು ಪ್ರಕಟಿಸಿದ್ದು ಹೌದು. ಕತ್ತರಿಯ ಬಾಯಿ ಕಟ್ಟುವ ಔಷಧಿಯೊಂದನ್ನು 600ಕ್ಕೂ ಹೆಚ್ಚು ರೋಗಿಗಳಿಗೆ ಕೊಟ್ಟು ನೋಡಿದರು. 2021ರಲ್ಲಿ ಬಂದ ಫಲಿತಾಂಶ ನಿರಾಸೆಯದ್ದು, ಒಟ್ಟಾರೆಯಾಗಿ ಕಾಯಿಲೆಯ ಓಟ ನಿಧಾನವಾಗಲಿಲ್ಲ. ಹೆದರಿಸುವ ಮಾತುಗಳನ್ನು ಮುಂದಕ್ಕೆ ಕಳಿಸಬೇಡಿ. ಹಲ್ಲು ಉಳಿಸಿಕೊಳ್ಳಲು ಹಲ್ಲೇ ಸಾಕಷ್ಟು ಕಾರಣ.

ಹೋಗುವುದೆಲ್ಲಿಗೆ? ತಾಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ದಂತವೈದ್ಯರು ಇರುತ್ತಾರೆ. ಕಿಟ್ಟ ಆಳಕ್ಕಿಳಿದಿದ್ದರೆ ಬೆಳಗಾವಿಯಲ್ಲಿ 1985ರಿಂದ ಕೆ.ಎಲ್.ಇ. ದಂತ ವೈದ್ಯಕೀಯ ಕಾಲೇಜಿದೆ, ಧಾರವಾಡದಲ್ಲಿ 1986ರಿಂದ ಎಸ್.ಡಿ.ಎಂ. ಕಾಲೇಜಿದೆ, ವಿಜಯಪುರದ ಕಡೆಯವರಿಗೆ ಅಲ್ ಅಮೀನ್ ದಂತ ಕಾಲೇಜಿದೆ. ಇಂತಹ ಕಾಲೇಜುಗಳಲ್ಲಿ ಒಸಡಿಗೆಂದೇ ಬೇರೆ ವಿಭಾಗ ಇರುತ್ತದೆ, ಖರ್ಚು ಸಾಮಾನ್ಯವಾಗಿ ಹೊರಗಿನ ಕ್ಲಿನಿಕ್ಕುಗಳಿಗಿಂತ ಕಡಿಮೆ. ಪರದೆಯ ಚಿಂತೆಯೇ? ದಂತ ಕಾಲೇಜುಗಳಲ್ಲಿ ಇಂದು ಹುಡುಗಿಯರು ಧಾರಾಳವಾಗಿ ಕಲಿಯುತ್ತಿದ್ದಾರೆ, ವೈದ್ಯೆಯೇ ಬೇಕೆಂದು ಕೇಳಿಕೊಳ್ಳಿ. ಸಿಗದಿದ್ದರೆ ಚಿಕಿತ್ಸೆಯ ಅಗತ್ಯಕ್ಕೆ ಪುರುಷ ವೈದ್ಯರಿಗೆ ತೋರಿಸಲು ಶರೀಅತ್‌ನಲ್ಲಿ ಅನುಮತಿಯಿದೆ, ಗಂಡನನ್ನೋ ಸಹೋದರನನ್ನೋ ಜೊತೆಗೆ ಕರೆದೊಯ್ಯಿರಿ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ನಮ್ಮ ರಾಜ್ಯ ಸರಕಾರ 2014ರಲ್ಲಿ ದಂತಭಾಗ್ಯ ಯೋಜನೆ ತಂದಿತು. ಒಳ್ಳೆಯ ಕೆಲಸವೇ. ಆದರೆ ಸೆಟ್ಟಿನಲ್ಲಿ ಕಟಕ್ ರೊಟ್ಟಿ ಕಡಿದವರನ್ನು ನಾನಂತೂ ಕಂಡಿಲ್ಲ.

ಆ ಮೂವತ್ತಾರರ ಸಹೋದರಿ ನಾಲ್ಕು ಸಲ ಹೋಗಿ ಬಂದಳು. ಒಂದು ಹಲ್ಲು ಉಳಿಯಲಿಲ್ಲ, ಮಿಕ್ಕವು ನಿಂತಿವೆ. ಸಕ್ಕರೆಯ ಮಾತ್ರೆ ಶುರುವಾಗಿದೆ. ಅಸರ್ ಈಗ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ.

ರಮಝಾನಿನಲ್ಲಿ ಕಿಟ್ಟ ತೆಗೆಸಬಹುದೇ ಎಂದು ಪ್ರತಿವರ್ಷ ಕೇಳುತ್ತಾರೆ. ಉಪವಾಸವಿದ್ದು ಮಿಸ್ವಾಕ್ ಮಾಡಲು ಅಡ್ಡಿಯಿಲ್ಲ, ಶಾಫಿಈಗಳಲ್ಲಿ ಮಧ್ಯಾಹ್ನದ ನಂತರ ಕರಾಹತ್ ಎನ್ನುತ್ತಾರೆ. ಆದರೆ ಕಿಟ್ಟ ತೆಗೆಯುವಾಗ ಯಂತ್ರದಿಂದ ನೀರು ಚಿಮ್ಮುತ್ತದೆ, ರಕ್ತ ಬರುತ್ತದೆ, ಗಂಟಲಿಗೆ ಇಳಿದರೆ ರೋಝಾಕ್ಕೆ ತೊಂದರೆ. ಆದುದರಿಂದ ಶಅಬಾನಿನಲ್ಲಿ ಮನೆ ತೊಳೆದು, ಮಸಾಲೆ ಕುಟ್ಟಿ ಇಡುವ ದಿನಗಳಲ್ಲೇ ಇದನ್ನೂ ಮುಗಿಸಿಕೊಳ್ಳಿ. ಬೆಳಗಾವಿಗೋ ಧಾರವಾಡಕ್ಕೋ ಹೋಗುವವರು ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡಿ. ಸಕ್ಕರೆಯದೋ ರಕ್ತದೊತ್ತಡದ್ದೋ ಹಳೆಯ ಚೀಟಿಗಳಿದ್ದರೆ ಮರೆಯದೆ ಚೀಲದಲ್ಲಿ ಇಟ್ಟುಕೊಳ್ಳಿ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಾಯಿ ತೆರೆಯುವ ಮೊದಲೇ ಡಾಕ್ಟರಿಗೆ ಹೇಳಿ.